ಎದುರುಮನೆಯ ಬ್ಯಾಂಡು

ರಮಾನಂದರು ಬೆಂಗಳೂರಿನ ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಸೇವೆ ಮಾಡಿ ನಿವೃತ್ತರಾಗಿರದಿದ್ದರೆ ಆ ಭಾನುವಾರ ಏನೂ ಆಗುತ್ತಿರಲಿಲ್ಲ. ವ್ಯಾನಿನ ಮುಂದಿನ ಸೀಟಿನಲ್ಲಿ ಬೇರೆ ಯಾರೇ ಕೂತಿದ್ದರೂ ಮೊಬೈಲಿನ ಮ್ಯಾಪು ಹೇಳಿದ ಕಡೆ ತಿರುಗುತ್ತಿದ್ದರು. ಮಲೇಷ್ಯಾದಲ್ಲಿರುವ ಮಗಳು ಅಕ್ಷಿತಾಳ ಮನೆಗೆ ಬಂದು ಅವಳ ಬ್ಯಾಂಡಿನ ಜೊತೆ ಹೊರಟಿದ್ದ ರಮಾನಂದರು ಮಾತ್ರ ಪೆಟಾಲಿಂಗ್ ಜಯಾದ ಆ ಬೀದಿಯ ತುದಿ ಮುಟ್ಟುತ್ತಲೇ ಮ್ಯಾಪಿನ ಬಾಯಿ ಮುಚ್ಚಿಸಿದರು.

"ಅಡ್ರೆಸ್ ಹುಡುಕೋದನ್ನ ಈ ಹುಡುಗಿ ನನಗೆ ಹೇಳಿಕೊಡ್ತಾಳಂತೆ! ಕೊಡಿಲ್ಲಿ ಆ ಮೆಸೇಜು. ಮನೆ ನಂಬರ್ ಹದಿಮೂರು ಎ. ಅಂದ್ರೆ ಹದಿಮೂರನೇ ನಂಬರ್ ಮನೆಯ ಹಿಂದಿನ ಪೋರ್ಷನ್ನು. ರಾಜಾಜಿನಗರದಲ್ಲಿ ಇಂಥ ಸಾವಿರ ಮನೆಗೆ ಕಾಗದ ಬಟವಾಡೆ ಮಾಡ್ಸಿದೀನಿ. ಮುಂದಿನ ಬಾಗಿಲಿಗೆ ಹೋದ್ರೆ ಓನರ್ ಬೈತಾನೆ. ಮನೀಷ್, ಹಿಂದುಗಡೆ ಸಂದಿ ಹಿಡಿ."

ವ್ಯಾನು ಓಡಿಸುತ್ತಿದ್ದ ಮನೀಷ ಮಂಗಳೂರಿನವನು, ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದು ವರ್ಷವಾಗಿತ್ತಷ್ಟೆ. "ಅಂಕಲ್, ಇಲ್ಲಿ ಚೀನಾದವರಿಗೆ ನಾಲ್ಕು ಅಂದ್ರೆ ಆಗೂದಿಲ್ಲ ಅಂತ ಕೇಳಿದ್ದೆ ಮಾರಾಯ್ರೆ. ಹದಿನಾಲ್ಕಕ್ಕೆ ಬೇರೆ ಎಂಥದೋ ಬರೀತಾರೆ..."

"ನೀನು ರೋಡು ನೋಡಪ್ಪ."

ಇದನ್ನು ಸರಿಪಡಿಸಬಲ್ಲ ಒಬ್ಬ ಮನುಷ್ಯ ಆ ವ್ಯಾನಿನಲ್ಲಿದ್ದ. ರಾಣೆಬೆನ್ನೂರಿನ ರೌಫ್ ಪುಚೊಂಗ್‌ನ ಅಪಾರ್ಟ್‌ಮೆಂಟಿನಲ್ಲಿ ಎಂಟು ವರ್ಷದಿಂದ ಇದ್ದಾನೆ; ಅವನ ಲಿಫ್ಟಿನಲ್ಲಿ ಹದಿಮೂರರ ನಂತರ ಹದಿನಾಲ್ಕರ ಬದಲು ಹದಿಮೂರು ಎ, ಆಮೇಲೆ ಹದಿನೈದು. ಆದರೆ ರೌಫ್ ಆಗ ವ್ಯಾನಿನ ಹಿಂಭಾಗದಲ್ಲಿ ಡಬಲ್ ಬೇಸಿನ ಅಡಿಯಲ್ಲಿದ್ದ. ಡಬಲ್ ಬೇಸ್ ಎಂದರೆ ಪಿಟೀಲಿನ ಅಜ್ಜ, ಆಳಿಗಿಂತ ಎತ್ತರದ ವಾದ್ಯ. ಅದು ವ್ಯಾನಿನಲ್ಲಿ ಒಂದೇ ಭಂಗಿಯಲ್ಲಿ ಹಿಡಿಸುತ್ತಿತ್ತು, ಆ ಭಂಗಿಯಲ್ಲಿ ಅದರ ಹೊಟ್ಟೆಯ ಕೆಳಗೆ ಒಬ್ಬ ಮನುಷ್ಯ ಅಂಗಾತ ಮಲಗಿರಬೇಕಿತ್ತು. ಅಲ್ಲಿಂದ ರೌಫ್‌ಗೆ ರಸ್ತೆ ಕಾಣುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ. ತನ್ನ ಎದೆ ಹೊಡೆದುಕೊಳ್ಳುವ ಸದ್ದು ಮಾತ್ರ ಮರದ ಪೆಟ್ಟಿಗೆಯೊಳಗೆ ಹೋಗಿ ಎರಡರಷ್ಟಾಗಿ ಕೇಳುತ್ತಿತ್ತು.

ಎದೆ ಹೊಡೆದುಕೊಳ್ಳಲು ಕಾರಣವಿತ್ತು. 'ಪುಚೊಂಗ್ ಸ್ವಿಂಗ್ ಕಂಪನಿ' ಬದುಕುವುದೋ ಮುಚ್ಚುವುದೋ ಆ ಮಧ್ಯಾಹ್ನ ತೀರ್ಮಾನವಾಗಬೇಕಿತ್ತು.

ಸ್ವಿಂಗ್ ಎಂಬುದು ತೊಂಬತ್ತು ವರ್ಷದ ಹಿಂದೆ ಅಮೆರಿಕದ ಕುಣಿತದ ಹಾಲ್‌ಗಳಲ್ಲಿ ಮೆರೆದ ಸಂಗೀತ. ಒಂದು ಕಾಲು ತುಸು ಉದ್ದ, ಇನ್ನೊಂದು ತುಸು ಗಿಡ್ಡ ಇರುವವನು ಬಹಳ ಖುಷಿಯಲ್ಲಿ ನಡೆದುಹೋದಂತೆ ಇರುತ್ತದೆ ಅದರ ತಾಳ. ಅದನ್ನು ಮತ್ತೆ ಬದುಕಿಸಬೇಕೆಂದು ಕಾರ್ಖಾನೆಯ ಎಂಜಿನಿಯರ್ ರೌಫ್‌ಗೆ ಯಾಕೆ ಅನ್ನಿಸಿತೋ ಅವನ ಹೆಂಡತಿ ತಾಹೆರಾಗೂ ಗೊತ್ತಿಲ್ಲ. ಅವನು ಬೇಸನ್ನು ತಬ್ಬಿಕೊಂಡು ಲಿಫ್ಟಿನಲ್ಲಿ ನಿಂತಾಗೆಲ್ಲ ನೆರೆಯವರು ಪಕ್ಕದಲ್ಲಿದ್ದ ತಾಹೆರಾಳನ್ನು ಅನುಕಂಪದಿಂದ ನೋಡುತ್ತಿದ್ದರು.

ಕಂಪನಿಯ ಬೆನ್ನಿಗೆ ಯಾವ ಸಂಸ್ಥೆಯೂ ಇರಲಿಲ್ಲ. ಹಾಡುಗಳನ್ನು ರೌಫ್‌ನ ಮಲಗುವ ಕೋಣೆಯಲ್ಲಿ, ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ ರೆಕಾರ್ಡ್ ಮಾಡುತ್ತಿದ್ದರು. ಎರಡನೆಯ ಹಾಡಿನ ಕೊನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸುತ್ತದೆ. ಇಂಟರ್ನೆಟ್ಟಿನಲ್ಲಿ ಯಾರೋ ಅದೊಂದನ್ನೇ ಹೊಗಳಿದ್ದರು. ಆರು ವರ್ಷದಲ್ಲಿ ಸಿಕ್ಕ ಕಾರ್ಯಕ್ರಮಗಳೆಂದರೆ ಒಂದು ಹಲ್ಲಿನ ಕ್ಲಿನಿಕ್ಕಿನ ಉದ್ಘಾಟನೆ, ಎರಡು ಮಾಲ್, ಒಂದು ಬೆಕ್ಕುಗಳ ಸೌಂದರ್ಯ ಸ್ಪರ್ಧೆ. ಕ್ಲಾರಿನೆಟ್ ಶುರುವಾಗುತ್ತಲೇ ಸ್ಪರ್ಧಿಗಳು ಚದುರಿಹೋದ್ದರಿಂದ ಕೊನೆಯದು ಅರ್ಧಕ್ಕೆ ನಿಂತಿತ್ತು. ಹೋದ ವಾರ ಮಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ಬ್ಯಾಂಡಿನ ನಾಲ್ವರೂ ನಿರ್ಧರಿಸಿದ್ದರು: ಈ ಸಲ ನಗರೋತ್ಸವದ ವೇದಿಕೆ ಸಿಕ್ಕರೆ ಸರಿ, ಇಲ್ಲದಿದ್ದರೆ ಬೇಸ್ ಮಾರಿ, ಕಂಪನಿಗೆ ಬೀಗ.

ನಗರೋತ್ಸವಕ್ಕೆ ಹಣ ಹಾಕುತ್ತಿದ್ದದ್ದು ಒಂದು ಬಿಸ್ಕತ್ ಕಂಪನಿ. ವೇದಿಕೆ ಯಾರಿಗೆ ಎಂದು ಹೇಳುತ್ತಿದ್ದವರು ಅದರ ಪ್ರಚಾರ ವಿಭಾಗದ ಮುಖ್ಯಸ್ಥ ಅಝ್ಮಾನ್. ಸಂಗೀತದ ವಿಷಯ ಬಿಡಿ, ಬಿಸ್ಕತ್ತಿನ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. "ಮೊಬೈಲಿನಲ್ಲಿ ಹಾಡು ಕೇಳಿ ಆರಿಸುವವನಲ್ಲ ನಾನು," ಎಂದು ಅವರು ಫೋನಿನಲ್ಲಿ ಹೇಳಿದ್ದರು. "ನಿಮ್ಮ ಹೆಸರು ಹಿಡಿಸಿತು. ಹೆಸರನ್ನು ಪೋಸ್ಟರಿಗೂ ಕಳಿಸಿದ್ದೇನೆ. ಭಾನುವಾರ ನಮ್ಮ ಮನೆಯಲ್ಲಿ ರಾಯಾ ಓಪನ್ ಹೌಸ್. ಬಂದು ನುಡಿಸಿ. ಹಿಡಿಸಿದರೆ ವೇದಿಕೆ ನಿಮ್ಮದು. ತಡ ಮಾಡಬೇಡಿ ಲಾ."

ಇಲ್ಲಿನವರ ಮಾತಿಗೆ 'ಲಾ' ಎಂಬ ಬಾಲ ಇದ್ದೇ ಇರುತ್ತದೆ; ರಾಯಾ ಎಂದರೆ ಈದ್ ಹಬ್ಬ. ರಂಜಾನ್ ಮುಗಿದ ತಿಂಗಳಿಡೀ ಮಲೇಷ್ಯಾದಲ್ಲಿ ಓಪನ್ ಹೌಸುಗಳು. ಮನೆ ಮುಂದೆ ಶಾಮಿಯಾನ ಹಾಕಿ, ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ಊಟ. ನೀವು ಯಾರು ಎಂದು ಯಾರೂ ಕೇಳುವುದಿಲ್ಲ. ಇನ್ನೂ ಯಾಕೆ ತಟ್ಟೆ ಹಿಡಿದಿಲ್ಲ ಎಂದು ಮಾತ್ರ ಕೇಳುತ್ತಾರೆ.

ವ್ಯಾನು ಸಾಲುಮನೆಗಳ ಹಿಂದಿನ ಸಂದಿಯಲ್ಲಿ ನಿಂತಿತು. ಡ್ರಮ್ ಬಾರಿಸುವ ವಿಜಯಪುರದ ಝೈದ್, ಹಾಡುವ ಅಕ್ಷಿತಾ, ಕ್ಲಾರಿನೆಟ್ ಊದುವ ಮನೀಷ ಮೂವರೂ ಸೇರಿ ಬೇಸನ್ನೂ ಅದರಡಿಯಿಂದ ರೌಫ್‌ನನ್ನೂ ಹೊರಗೆಳೆದರು. ಎಲ್ಲರಿಗೂ ಪಟ್ಟೆಪಟ್ಟೆ ವೇಸ್ಟ್‌ಕೋಟು, ಕೊರಳಿಗೆ ಚಿಟ್ಟೆಯಂಥ ಬೋ. ರಮಾನಂದರು ಅಡುಗೆಮನೆ ಬಾಗಿಲು ತಟ್ಟಿದರು. ತೆರೆದದ್ದು ಗುಲಾಬಿ ಬಣ್ಣದ ಉಡುಪಿನ, ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು.

"ಅಯ್ಯೋ, ಬಂದ್ರಾ! ಸಂಗೀತದವರು ತಾನೆ? ಬನ್ನಿ ಬನ್ನಿ!"

ರಮಾನಂದರು ಹಿಂದಿರುಗಿ ಹುಬ್ಬು ಹಾರಿಸಿದರು. "ನೋಡಿದ್ರೇನ್ರಿ? ಪೋಸ್ಟಲ್ ಡಿಪಾರ್ಟ್‌ಮೆಂಟು!"

ಆಕೆಯ ಹೆಸರು ಝಲೇಹಾ. ಎಲ್ಲರೂ ಕರೆಯುವಂತೆ ರೌಫ್ ಕೂಡ 'ಕಾಕ್' ಎಂದ, ಅಂದರೆ ಅಕ್ಕ. "ಸರ್ ಎಲ್ಲಿದ್ದಾರೆ ಕಾಕ್?" ಎಂದು ಕೇಳಿದ.

"ಐಸ್ ತರೋಕೆ ಹೋಗಿದ್ದಾರೆ. ಬರ್ತಾರೆ. ನೀವು ಮುಂದೆ ಶಾಮಿಯಾನದಲ್ಲಿ ಶುರು ಮಾಡಿ. ಮೊದಲು ಊಟ. ಇಲ್ಲ, ಮೊದಲು ಒಂದು ಹಾಡು, ಆಮೇಲೆ ಊಟ!"

ಅಝ್ಮಾನ್ ಐಸ್ ತರಲು ಹೋಗಿದ್ದಾರೆ ಎಂದುಕೊಂಡು ರೌಫ್ ಬೇಸಿಗೆ ಶ್ರುತಿ ಕೂಡಿಸಿದ.

ಮೊದಲ ಹಾಡಿಗೇ ಶಾಮಿಯಾನ ಎದ್ದು ಕೂತಿತು. ಕೈಯಲ್ಲಿ ತಟ್ಟೆ ಹಿಡಿದವರು ಹೆಜ್ಜೆ ಹಾಕತೊಡಗಿದರು, ಮಕ್ಕಳು ಝೈದ್‌ನ ಡ್ರಮ್ಮಿನ ಸುತ್ತ ಕುಣಿದವು. ಅಕ್ಷಿತಾ ಹೀಗೆ ಹಾಡಿದ್ದನ್ನು ರೌಫ್ ಆರು ವರ್ಷದಲ್ಲಿ ಕೇಳಿರಲಿಲ್ಲ. ಅವನು ತಂತಿ ಮೀಟುತ್ತಲೇ ಅಝ್ಮಾನ್‌ರನ್ನು ಹುಡುಕಿದ. ಮುಖ ಕಂಡವನಲ್ಲ, ದನಿ ಮಾತ್ರ ಗೊತ್ತು. ಮೀಸೆಯ ದಪ್ಪ ಗಂಡಸೊಬ್ಬ ತಲೆಯಾಡಿಸುತ್ತ ಹತ್ತಿರ ಬಂದಾಗ ಇವರೇ ಇರಬೇಕೆಂದು ರೌಫ್ ಬೆನ್ನು ನೆಟ್ಟಗೆ ಮಾಡಿ, ಹಲ್ಲು ತೋರಿಸಿ, ಗೊತ್ತಿದ್ದ ಕಸರತ್ತನ್ನೆಲ್ಲ ಬೇಸಿನ ಮೇಲೆ ಮಾಡಿದ. ಆತ ಬಗ್ಗಿ ಕಿವಿಯಲ್ಲಿ ಹೇಳಿದ: "ನಿಮ್ಮ ವ್ಯಾನ್ ತೆಗೀರಿ ಲಾ. ಹಿಂದೆ ಗ್ಯಾಸ್ ಸಿಲಿಂಡರ್ ಇಳಿಸ್ಬೇಕು."

ಅಷ್ಟರಲ್ಲಿ ಬೇಸ್ ತಾನೇ ತಾನಾಗಿ ಗುಂಯ್‌ಗುಟ್ಟಿತು. ಎದೆಯ ಜೇಬಿನ ಫೋನು ಮರಕ್ಕೆ ತಾಗಿ ನಡುಗುತ್ತಿತ್ತು. ಮನೀಷನಿಗೆ ಕ್ಲಾರಿನೆಟ್ಟಿನ ಒಂಟಿ ಸುತ್ತು ಬಿಟ್ಟುಕೊಟ್ಟು ರೌಫ್ ಫೋನು ಕಿವಿಗಿಟ್ಟ.

"ಎಲ್ಲಿದ್ದೀರಿ ಲಾ?" ಅಝ್ಮಾನ್‌ರ ದನಿ.

"ಬಂದಿದ್ದೇವೆ ಸರ್! ನುಡಿಸ್ತಾ ಇದ್ದೇವೆ!"

"ಏನು? ಕೇಳಿಸ್ತಾ ಇಲ್ಲ. ಜೋರಾಗಿ ಹೇಳಿ. ಎದುರುಮನೆಯವರು ಯಾವುದೋ ಬ್ಯಾಂಡ್ ತಂದು ನಮ್ಮ ಪ್ರಾಣ ತಿಂತಾ ಇದ್ದಾರೆ. ಆನೆಗೆ ಕೆಮ್ಮು ಬಂದ ಹಾಗಿದೆ."

ರೌಫ್‌ನ ಎಡಗಿವಿಯಲ್ಲಿ ಮನೀಷನ ಕ್ಲಾರಿನೆಟ್ಟು ಮೇಲಕ್ಕೇರಿತು. ಅರೆಕ್ಷಣದ ನಂತರ ಬಲಗಿವಿಯ ಫೋನಿನಲ್ಲೂ ಅದೇ ಕ್ಲಾರಿನೆಟ್ಟು ಅದೇ ಮೆಟ್ಟಿಲು ಹತ್ತಿತು.

ಅವನು ಮೆಲ್ಲನೆ ತಲೆ ಎತ್ತಿ ಶಾಮಿಯಾನದ ಅಂಚಿನಿಂದ ರಸ್ತೆಯಾಚೆ ನೋಡಿದ. ಅಲ್ಲಿ ಹನ್ನೆರಡನೇ ನಂಬರಿಗೂ ಹದಿನಾರಕ್ಕೂ ನಡುವೆ ನೀಲಿ ಶಾಮಿಯಾನದ ಮನೆ. ಗೇಟಿನ ಮೇಲೆ ಹಿತ್ತಾಳೆಯಲ್ಲಿ ಹದಿಮೂರು ಎ. ಗೇಟಿನ ಹಿಂದೆ ಒಬ್ಬರು ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ನಿಂತಿದ್ದರು.

ರೌಫ್ ಬೇಸಿನ ಹಿಂದೆ ಅವಿತ.

"ಟೋಲಿನ ಹತ್ತಿರ ಜಾಮ್ ಸರ್," ಎಂದ. ಸುಳ್ಳು ತಾನೇ ಬಾಯಿಂದ ಜಾರಿತ್ತು. "ಹತ್ತು ನಿಮಿಷ!"

ಹಾಡು ಮುಗಿಯುತ್ತಲೇ ಅವನು ಎಲ್ಲರನ್ನೂ ಡ್ರಮ್ಮಿನ ಹಿಂದೆ ಎಳೆದ. "ಮನೆ ತಪ್ಪೇತಿ. ಎದುರಿಗಿರೋದು ನಮ್ಮ ಮನಿ."

"ಅಂದ್ರ ನಾವು ಯಾರ ಮನ್ಯಾಗ ಬಾರಸಾಕತ್ತೀವಿ ಅಣ್ಣಾ?" ಎಂದ ಝೈದ್.

ಎಲ್ಲರೂ ರಮಾನಂದರನ್ನು ನೋಡಿದರು. ಅವರು ಎದುರಿನ ಗೇಟನ್ನು ಬಹಳ ಹೊತ್ತು ಪರೀಕ್ಷಿಸಿ, "ಈ ಊರಿನ ನಂಬರ್ ಸಿಸ್ಟಮ್ಮೇ ಸರಿ ಇಲ್ಲ ಕಣ್ರಿ," ಎಂದರು.

"ಸಿಂಪಲ್ ಅಲ್ವಾ?" ಅಕ್ಷಿತಾ ಮೈಕಿನ ವೈರು ಸುತ್ತತೊಡಗಿದಳು. ಮಾಂಟ್ ಕಿಯಾರಾದ ಶಾಲೆಯೊಂದರಲ್ಲಿ ಪಾಠ ಹೇಳುವ ಅವಳಿಗೆ ಎಲ್ಲವೂ ಸಿಂಪಲ್. "ಸಾರಿ ಅಂತ ಹೇಳಿ ರೋಡ್ ಕ್ರಾಸ್ ಮಾಡೋಣ."

ಹಾಗೆ ಹೇಳಲೆಂದೇ ರೌಫ್ ಝಲೇಹಾರ ಬಳಿ ಹೋದ. ಬಾಯಿ ತೆರೆಯುವಷ್ಟರಲ್ಲಿ ಬಾಯಿಗೆ ಮಾಂಸದ ತುಂಡು ಬಂತು.

"ತಿನ್ನು ತಮ್ಮ, ನಾನೇ ಮಾಡಿದ ರೆಂಡಾಂಗ್. ನನ್ನ ಅಕ್ಕನ ಮಗ ಜೊಹೋರಿನಿಂದ ಫೋನ್ ಮಾಡಿದ್ದ. ಹಬ್ಬಕ್ಕೆ ಸಂಗೀತದವರನ್ನ ಕಳಿಸ್ತೀನಿ ಚಿಕ್ಕಮ್ಮ, ಯಾರು ಅಂತ ಹೇಳಲ್ಲ, ನೋಡಿ ಆಶ್ಚರ್ಯಪಡು ಅಂದಿದ್ದ. ನಿಜವಾಗ್ಲೂ ಆಶ್ಚರ್ಯ ಆಯ್ತು! ಯಾಕೆ ಗೊತ್ತಾ? ಎದುರಿನವನು ನಾಲ್ಕು ವರ್ಷದಿಂದ ನನ್ನ ಹತ್ತಿರ ಮಾತಾಡಲ್ಲ. ನನ್ನ ಮಾವಿನ ಮರದ ಕೊಂಬೆ ಅವನ ಕಾರಿನ ಮೇಲೆ ಬಿತ್ತಂತೆ. ಗಾಳಿ ಬೀಸಿದ್ದೂ ನಾನೇನಾ? ನೋಡು, ಬೇಕು ಅಂತಲೇ ನನ್ನ ದಿನವೇ ಓಪನ್ ಹೌಸ್ ಇಟ್ಟಿದ್ದಾನೆ. ಅವನೂ ಬ್ಯಾಂಡ್ ಕರೆಸಿದ್ದಾನಂತೆ. ಅದಕ್ಕೆ ಹೋಗುವವರ ಮುಖ ನೋಡ್ಬೇಕು ನಾನು!"

ರೌಫ್ ಮಾಂಸ ನುಂಗಿದ. ತನ್ನ ಮುಖ ತನಗೇ ಬಿಸಿಯಾದದ್ದು ತಿಳಿಯಿತು.

"ಕಾಕ್, ನಮಗೆ ಇನ್ನೊಂದು ಶೋ ಇದೆ..."

"ಎಲ್ಲಿ?"

"ಶಾ ಆಲಮ್," ಎಂದ. ಈ ಸುಳ್ಳಿಗಾದರೂ ಮೊದಲಿನದ್ದಕ್ಕಿಂತ ಎರಡು ಊರು ದೂರವಿತ್ತು.

"ಇನ್ನೂ ನಾಲ್ಕು ಹಾಡು ಆಗದೆ ಹೋಗಕೂಡದು," ಎಂದು ಝಲೇಹಾ ಎದ್ದರು. ಎರಡೂ ದೊಡ್ಡ ಸ್ಪೀಕರುಗಳನ್ನು ಕೈಯಾರೆ ತಿರುಗಿಸಿ ಎದುರುಮನೆಗೆ ಮುಖ ಮಾಡಿಸಿದರು. ಸಹಾಯಕ್ಕೆ ಓಡಿದವರು ರಮಾನಂದರು. ಯಾರು ಏನನ್ನು ಎತ್ತುತ್ತಿದ್ದರೂ ಹೋಗಿ ಒಂದು ಕೈ ಹಚ್ಚುವುದು ಅವರ ಹುಟ್ಟುಗುಣ. "ಇನ್ನೂ ಸ್ವಲ್ಪ ಜೋರು ಮಾಡ್ಲಾ ಮೇಡಂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗುಂಡಿ ತಿರುಗಿಸಿಯೂ ಬಿಟ್ಟರು.

ಹೀಗೆ ಪುಚೊಂಗ್ ಸ್ವಿಂಗ್ ಕಂಪನಿ ತನ್ನ ಭವಿಷ್ಯದ ಕಿವಿಗೆ ನೇರವಾಗಿ ಗುರಿಯಿಟ್ಟು ನಾಲ್ಕು ಹಾಡು ಬಾರಿಸಿತು. ಒಂದೊಂದು ಹಾಡಿಗೂ ಚಪ್ಪಾಳೆ ಜಾಸ್ತಿಯಾಯಿತು, ರೌಫ್‌ನ ಬೆವರೂ ಜಾಸ್ತಿಯಾಯಿತು. ಬೇಸನ್ನು ಪರದೆಯಂತೆ ಮುಂದಿಟ್ಟುಕೊಂಡು ಅದರ ಕತ್ತಿನ ಪಕ್ಕದಿಂದ ಒಂದೇ ಕಣ್ಣಲ್ಲಿ ಎದುರುಮನೆ ನೋಡುತ್ತಿದ್ದ. ಅಝ್ಮಾನ್ ಗೇಟಿನ ಹಿಂದೆ ಗಡಿಯಾರ ನೋಡಿಕೊಂಡು ತಿರುಗುತ್ತಿದ್ದರು. ಫೋನು ಎರಡು ಸಲ ನಡುಗಿತು. ಆಮೇಲೆ ಅತಿಥಿಗಳ ಒಂದು ಬಸ್ಸು ಬಂದು ನಡುವೆ ನಿಂತು ಎದುರುಮನೆ ಮರೆಯಾಯಿತು. ಬಸ್ಸು ಹೋದಾಗ ಗೇಟಿನಲ್ಲಿ ಅಝ್ಮಾನ್ ಇರಲಿಲ್ಲ. ಫೋನೂ ನಡುಗಲಿಲ್ಲ.

"ಫೋನ್ ಬರವಲ್ದು ಅಣ್ಣಾ, ಪಾರಾದ್ವಿ," ಎಂದ ಝೈದ್.

"ಫೋನ್ ಬರದಿದ್ರ ಪಾರಾದ್ವಿ ಅಂತಲ್ಲೋ," ಎಂದ ರೌಫ್. "ನಮ್ಮನ್ನ ಬಿಟ್ರು ಅಂತ."

ಮುಂದಿನ ಗೇಟಿನಿಂದ ಹೋಗುವಂತಿರಲಿಲ್ಲ. ಈ ಮನೆಯಿಂದ ಇಳಿದು ಆ ಮನೆ ಹತ್ತುವುದನ್ನು ಇಡೀ ಬೀದಿ ನೋಡುತ್ತಿತ್ತು. ಹಿಂದಿನ ಬಾಗಿಲೇ ಗತಿ. ಇಳಿಹೊತ್ತಿನ ಅಸರ್ ನಮಾಝಿನ ಕರೆ ಕೇಳಿಬಂತು. ಸಂಗೀತ ನಿಂತಿತು. ರಮಾನಂದರು ಈ ಅವಕಾಶ ಹಿಡಿದರು. "ಮೇಡಂ, ಹುಡುಗರು ಪ್ರೇಯರಿಗೆ ಹೋಗಿಬರ್ತಾರೆ. ಅಷ್ಟರಲ್ಲಿ ನಾನು ಸ್ವಲ್ಪ ಊಟ ಮಾಡ್ತಿರ್ತೀನಿ. ಇದ್ರಲ್ಲಿ ಮಾಂಸ ಇಲ್ದಿರೋದು ಯಾವುದು?"

ಡ್ರಮ್ಮು, ಕ್ಲಾರಿನೆಟ್ಟು ಸುಲಭವಾಗಿ ಹೊರಟವು. ಬೇಸನ್ನು ಮಾತ್ರ ಬಿರಿಯಾನಿ ಹಂಡೆಗಳ ನಡುವಿನಿಂದ, ಪಾತ್ರೆ ತೊಳೆಯುವ ಇಬ್ಬರು ಹೆಂಗಸರ ತಲೆಯ ಮೇಲಿಂದ, ಮೂರ್ಛೆ ಹೋದ ಬೀಗರನ್ನು ಸಾಗಿಸುವಂತೆ ಸಾಗಿಸಬೇಕಾಯಿತು. ವ್ಯಾನು ಬೀದಿಯ ತುದಿಯ ಸುರಾವಿನ, ಅಂದರೆ ಪುಟ್ಟ ಮಸೀದಿಯ, ಬಳಿ ಬಂದಾಗ ರೌಫ್ ನಿಲ್ಲಿಸಲು ಹೇಳಿದ.

"ಈಗೇನ್ ಮಾರಾಯ್ರೆ?" ಎಂದ ಮನೀಷ.

"ಇವತ್ತು ಎರಡು ಸುಳ್ಳು ಹೇಳೀನಿ. ನಮಾಝಿನ ಹೆಸರಲ್ಲಿ ಮೂರನೇದು ಬ್ಯಾಡ."

ರೌಫ್, ಝೈದ್ ಇಬ್ಬರೂ ಇಳಿದುಹೋಗಿ ನಮಾಝ್ ಮಾಡಿ ಬಂದರು. ಕೈಯೆತ್ತಿ ಬೇಡುವಾಗ ವೇದಿಕೆ ಎಂದು ಕೇಳಲು ರೌಫ್‌ಗೆ ನಾಚಿಕೆಯಾಗಿ, ನ್ಯಾಯವಾಗಿ ಏನು ಬರಬೇಕೋ ಅದು ಬರಲಿ ಎಂದು ಕೇಳಿದ. ಕೇಳಿದ್ದು ತಪ್ಪಾಯಿತೇನೋ ಎಂದು ಹಿಂದಿರುಗುವಾಗ ದಾರಿಯುದ್ದಕ್ಕೂ ಚಿಂತಿಸಿದ.

ಹದಿಮೂರು ಎ ಮನೆಯ ಹಿಂಬಾಗಿಲು ತೆರೆದೇ ಇತ್ತು. ವಾದ್ಯಗಳನ್ನು ವ್ಯಾನಿನಲ್ಲೇ ಬಿಟ್ಟು ಒಳಗೆ ಕಾಲಿಟ್ಟದ್ದೇ ತಡ, ಅಝ್ಮಾನ್ ಎದುರಾದರು. ಅವರ ಮುಖ ಬೆಳಗಿತು. ರೌಫ್‌ಗೆ ಜೀವ ಬಂದಂತಾಯಿತು.

"ಅಬ್ಬಾ, ಈಗ ಬಂದ್ರಾ!" ಅವರು ನಾಲ್ವರ ಪಟ್ಟೆ ವೇಸ್ಟ್‌ಕೋಟುಗಳನ್ನು ಮೇಲಿಂದ ಕೆಳಕ್ಕೆ ನೋಡಿ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಟ್ರೇಗಳನ್ನು ರೌಫ್ ಮತ್ತು ಉಳಿದವರ ಕೈಗಿಟ್ಟರು. "ಕೇಟರಿಂಗ್‌ನವರು ಇಷ್ಟು ತಡ ಮಾಡಿದ್ರೆ ಹೇಗೆ? ಮುಂದಿನ ಹಾಲಿನಲ್ಲಿ ಸಾಟೇ ಮುಗಿದು ಎಷ್ಟು ಹೊತ್ತಾಯ್ತು! ಇದನ್ನು ಹಾಲಿಗೆ ಒಯ್ಯಿರಿ. ಮೊದಲು ಸಂಗೀತದವರಿಗೆ ಕೊಡಿ, ಪಾಪ, ಆಗಿನಿಂದ ನುಡಿಸ್ತಾ ಇದ್ದಾರೆ."

"ಸಂಗೀತದವರು?" ಎಂದ ರೌಫ್. ಟ್ರೇ ತಾನಾಗಿ ಹಾಲಿನ ಕಡೆ ನಡೆಯಿತು. ಅವನು ಅದರ ಹಿಂದೆ ಹೋದ.

ಹಾಲಿನ ನಡುವೆ ಕಂಬಳಿಯ ಮೇಲೆ ಮೂವರು ಮುದುಕರು ಕೂತಿದ್ದರು. ಒಬ್ಬರ ಮುಂದೆ ಹಾರ್ಮೋನಿಯಂ, ಒಬ್ಬರ ಮುಂದೆ ತಬಲಾ, ಒಬ್ಬರ ಕೈಯಲ್ಲಿ ಪಿಟೀಲು. ಜೊಹೋರಿನ ಕಡೆಯ ಹಳೆಯ ಮಲಯ್ ಗಝಲು ಜೇನಿನಂತೆ ಇಳಿಯುತ್ತಿತ್ತು. ಅತಿಥಿಗಳು ಕಣ್ಣುಮುಚ್ಚಿ ತೂಗುತ್ತಿದ್ದರು. ಹಾಡು ಮುಗಿಯಿತು. ಅಝ್ಮಾನ್ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ಸ್ನೇಹಿತರೇ, ನನಗೆ ಸ್ವಿಂಗ್ ಅಂದ್ರೆ ಗದ್ದಲ ಅನ್ನೋ ಭಯ ಇತ್ತು. ಇವರು ತಾಳ್ಮೆಯಿಂದ ನನ್ನ ಕಣ್ಣು ತೆರೆಸಿದ್ರು. ಎದುರುಮನೆಯಲ್ಲಿ ಆ ಕಿರುಚಾಟ ನಡೀತಿದ್ರೂ ಇವರು ಒಂದು ಸ್ವರ ಬಿಡಲಿಲ್ಲ. ನಗರೋತ್ಸವದ ವೇದಿಕೆ ಇವರದ್ದೇ. ಪುಚೊಂಗ್ ಸ್ವಿಂಗ್ ಕಂಪನಿ!"

ಚಪ್ಪಾಳೆ ಬಿತ್ತು. ಹಾರ್ಮೋನಿಯಂನ ಮುದುಕರು ಸುತ್ತ ನೋಡಿ, ತಮಗೇ ಇರಬೇಕೆಂದು ಎದೆಗೆ ಕೈಯಿಟ್ಟು ಬಾಗಿದರು.

"ಅಣ್ಣಾ, ನಮ್ಮ ಹೆಸರು ಕರದ್ರಲ್ಲ," ಎಂದ ಝೈದ್, ಕೈಯಲ್ಲಿ ಸಾಟೇ ಕಡ್ಡಿಗಳ ಗೊಂಚಲು ಹಿಡಿದು.

"ಕರದ್ರು. ನಮ್ಮನ್ನ ಕರೀಲಿಲ್ಲ."

ರೌಫ್ ನಿಂತಲ್ಲೇ ಲೆಕ್ಕ ಹಾಕಿದ. ನಾವೇ ಕಂಪನಿ ಎಂದು ಹೇಳಬೇಕು. ಹೇಳಿದರೆ ನುಡಿಸಿ ತೋರಿಸಿ ಎನ್ನುತ್ತಾರೆ. ನುಡಿಸಿದರೆ ಮೊದಲ ಸಾಲಿಗೇ ಎದುರುಮನೆಯ ಆನೆ ಕೆಮ್ಮಿದ್ದು ಯಾರೆಂದು ಗೊತ್ತಾಗುತ್ತದೆ. ಹೇಳದಿದ್ದರೆ ಸಾಟೇ ಹಂಚಿ ಮನೆಗೆ ಹೋಗಬೇಕು. ಅವನು ಇದನ್ನು ಒಂದು ಸುತ್ತು ತೂಗಿ, ಎರಡನೆಯ ಸುತ್ತು ಶುರುಮಾಡುವ ಹೊತ್ತಿಗೆ ಅಕ್ಷಿತಾ ತನ್ನ ಟ್ರೇಯನ್ನು ಧಡ್ಡನೆ ಮೇಜಿನ ಮೇಲಿಟ್ಟಳು.

"ರೌಫ್ ಭಾಯ್, ನೀವು ಹೇಳ್ತೀರೋ, ನಾನು ಹೇಳ್ಲೋ?"

ರೌಫ್ ಹೇಳಿದ. ಜಾಮ್ ಇರಲಿಲ್ಲ ಎನ್ನುವುದರಿಂದ ಹಿಡಿದು ರೆಂಡಾಂಗ್‌ವರೆಗೆ ಎಲ್ಲವನ್ನೂ ಹೇಳಿದ. ಮನೆ ನಂಬರಿನ ತಪ್ಪನ್ನು ರಮಾನಂದರ ತಲೆಗೆ ಕಟ್ಟದೆ ತನ್ನದೇ ಎಂದ; ವಾಸ್ತವದಲ್ಲಿ ಅಂಚೆ ಇಲಾಖೆಯನ್ನು ಮಲಯ್ ಭಾಷೆಯಲ್ಲಿ ವಿವರಿಸುವ ಶಕ್ತಿ ಅವನಿಗಿರಲಿಲ್ಲ.

ಅಝ್ಮಾನ್ ನಂಬಲಿಲ್ಲ. "ನುಡಿಸಿ ನೋಡೋಣ," ಎಂದರು.

ವ್ಯಾನಿನಿಂದ ವಾದ್ಯಗಳು ಬಂದವು. ಮನೀಷನ ಕ್ಲಾರಿನೆಟ್ಟು ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಹೇಳಿದರು: "ಅದೇ!"

ಮುಂಬಾಗಿಲಿನಿಂದಲೂ "ಅದೇ!" ಎಂಬ ಗಟ್ಟಿ ದನಿ ಕೇಳಿತು. ಝಲೇಹಾ ನಿಂತಿದ್ದರು. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲಗಳಲ್ಲಿ ತಪಾವ್, ಅಂದರೆ ಮನೆಗೆ ಕಟ್ಟಿಕೊಡುವ ಊಟದ ಡಬ್ಬಿಗಳು. ಹಿಂದೆ ರಮಾನಂದರು, ಅವರ ಕೈಯಲ್ಲೂ ಒಂದು ಚೀಲ.

"ನಮಾಝಿಗೆ ಹೋದ ಮಕ್ಕಳು ಬರಲೇ ಇಲ್ಲ, ತಪಾವ್ ಆದ್ರೂ ಕೊಡೋಣ ಅಂತ ಹುಡುಕ್ಕೊಂಡು ರಸ್ತೆಗೆ ಬಂದ್ರೆ ಇಲ್ಲಿಂದ ಕೇಳಿಸ್ತಿದೆ..." ಅವರ ದನಿ ಏರಿತು. "ಅಝ್ಮಾನ್! ನನ್ನ ಬ್ಯಾಂಡ್ ಕದ್ದೆಯಾ?"

"ನಾನಾ? ನೀನು ನನ್ನ ಬ್ಯಾಂಡನ್ನು ಮಧ್ಯಾಹ್ನದಿಂದ ಮನೇಲಿ ಬಚ್ಚಿಟ್ಟುಕೊಂಡು ನನ್ನ ಮೇಲೇ ಬಿಟ್ಟೆಯಲ್ಲ!"

"ನಾನು ಯಾಕೆ ಬಚ್ಚಿಡಲಿ? ನನ್ನ ಅಕ್ಕನ ಮಗ ಕಳಿಸಿದ್ದು!"

ಕಂಬಳಿಯ ಮೇಲಿನಿಂದ ಮೆತ್ತನೆಯ ಕೆಮ್ಮು ಕೇಳಿಸಿತು. ಹಾರ್ಮೋನಿಯಂನ ಹಿರಿಯರು, ಎಲ್ಲರೂ ಅಪ್ಪ ಎಂಬರ್ಥದಲ್ಲಿ 'ಪಾಕ್' ಎನ್ನುವ ಹಾಮಿದ್, ಕೈಯೆತ್ತಿದ್ದರು.

"ಅಮ್ಮಾ, ಅಕ್ಕನ ಮಗ ಕಳಿಸಿದ್ದು ನಮ್ಮನ್ನ. ನಿಮ್ಮ ಮನೆಗೆ ಬಂದ್ವಿ, ಅಲ್ಲಿ ಆಗಲೇ ಯಾರೋ ಬಾರಿಸ್ತಾ ಇದ್ರು. ರಸ್ತೆಯಲ್ಲಿ ನಿಂತಿದ್ದಾಗ ಇವರು ಕೈಹಿಡಿದು ಒಳಗೆ ಕರ್ಕೊಂಡ್ರು. ಹಬ್ಬದ ದಿನ ಕರೆದವರಿಗೆ ಇಲ್ಲ ಅನ್ನೋದು ಹೇಗೆ?"

ಝಲೇಹಾ ಅಝ್ಮಾನ್‌ರನ್ನು ನೋಡಿದರು, ಅಝ್ಮಾನ್ ಝಲೇಹಾರನ್ನು ನೋಡಿದರು. ಆಮೇಲೆ ಇಬ್ಬರೂ ತಿರುಗಿ ರೌಫ್‌ನನ್ನು ನೋಡಿದರು. ನಾಲ್ಕು ವರ್ಷದಲ್ಲಿ ಅವರು ಒಟ್ಟಾಗಿ ಮಾಡಿದ ಮೊದಲ ಕೆಲಸ ಅದು.

"ನಿನಗೆ ಏನಂದ?" ಎಂದರು ಝಲೇಹಾ.

"ಟೋಲಿನ ಹತ್ತಿರ ಜಾಮ್. ನಿನಗೆ?"

"ಶಾ ಆಲಮ್."

ಅಝ್ಮಾನ್‌ರ ಹೊಟ್ಟೆ ಮೊದಲು ಕುಲುಕಿತು. ಝಲೇಹಾ ಚೀಲಗಳನ್ನು ಕೆಳಗಿಟ್ಟು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡರು. ಮರುಕ್ಷಣ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕವರು ಹಬ್ಬದ ವಾಡಿಕೆಯಂತೆ ಒಬ್ಬರ ಕ್ಷಮೆ ಒಬ್ಬರು ಕೇಳಿದರು. ಮಾವಿನ ಮರದ್ದು, ಕಾರಿನದ್ದು, ಗೊತ್ತಿದ್ದು ಮಾಡಿದ್ದು, ಗೊತ್ತಿಲ್ಲದೆ ಮಾಡಿದ್ದು, ಎಲ್ಲದರದ್ದೂ. ನೆರೆದವರ ಕಣ್ಣು ಒದ್ದೆಯಾಯಿತು. ರಮಾನಂದರಂತೂ ಇದೆಲ್ಲ ತಮ್ಮಿಂದಲೇ ಆದದ್ದೆಂದು ಎಲ್ಲರ ಕೈ ಕುಲುಕಿದರು.

ಈ ಸಂತೋಷದ ನಡುವೆ ರೌಫ್‌ಗೆ ಒಂದು ಆಸೆ ಚಿಗುರಿತು. "ಹಾಗಾದರೆ ಸರ್, ವೇದಿಕೆ..."

"ವೇದಿಕೆ!" ಎಂದು ಅಝ್ಮಾನ್ ಅವನ ಭುಜ ತಟ್ಟಿದರು. "ನಾಲ್ಕು ವರ್ಷದ ಜಗಳ ಮುಗಿದ ದಿನ ಕೊಟ್ಟ ಮಾತನ್ನು ಹಿಂದಕ್ಕೆ ತಗೊಳ್ಳೋದುಂಟಾ? ವೇದಿಕೆ ಪಾಕ್ ಹಾಮಿದ್‌ರದ್ದೇ. ಝಲೇಹಾ, ಏನಂತೀಯ?"

"ಗಝಲ್ ಅಂದ್ರೆ ನನಗೆ ಪ್ರಾಣ," ಎಂದರು ಝಲೇಹಾ. "ಈ ಮಕ್ಕಳದ್ದೂ ಚೆನ್ನಾಗಿತ್ತು. ಸ್ಪೀಕರ್ ಆ ಕಡೆ ತಿರುಗಿಸಿದ ಮೇಲೆ."

"ಆದರೆ ಸರ್, ಪೋಸ್ಟರಿನಲ್ಲಿ ನಮ್ಮ ಹೆಸರು..."

"ಅದು ಊರಿಡೀ ಹಚ್ಚಿ ಆಗಿದೆ ಲಾ. ಈಗ ಬದಲಾಯಿಸೋಕಾಗಲ್ಲ. ಹೆಸರು ಒಳ್ಳೇದಿದೆ, ಅದನ್ನ ಇವರಿಗೆ ಬಿಟ್ಟುಕೊಡಿ. ಹಬ್ಬದ ದಿನ ಇಲ್ಲ ಅನ್ನಬೇಡಿ."

ಸುತ್ತಲಿದ್ದವರೆಲ್ಲ ರೌಫ್‌ನ ಮುಖವನ್ನೇ ನೋಡುತ್ತಿದ್ದರು. ಅವನು ಇಲ್ಲ ಅನ್ನಲಿಲ್ಲ.

ಜನ ಊಟಕ್ಕೆ ಚದುರಿದರು. ರೌಫ್ ತಪಾವ್ ಚೀಲ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದಾಗ ಪಾಕ್ ಹಾಮಿದ್ ತಮ್ಮ ಇಬ್ಬರು ಜೊತೆಗಾರರೊಂದಿಗೆ ಬಂದು ಎದುರು ಕೂತರು. ಬಹಳ ಸಂಕೋಚದಿಂದ ಕೇಳಿದರು: "ತಮ್ಮ, ತಪ್ಪು ತಿಳೀಬೇಡ. ವೇದಿಕೆ ಮೇಲೆ ಯಾರಾದ್ರೂ ಕೇಳಿದ್ರೆ ಉತ್ತರ ಕೊಡ್ಬೇಕಲ್ಲ. ಈ ಸ್ವಿಂಗ್ ಅಂದ್ರೆ ಏನು?"

ರೌಫ್ ಚೀಲ ಕೆಳಗಿಟ್ಟು, ಒಂದು ಚಮಚ ಎತ್ತಿಕೊಂಡು, ಮೇಜಿನ ಅಂಚಿನ ಮೇಲೆ ಕುಂಟುವ ಆ ತಾಳವನ್ನು ತಟ್ಟಿ ತೋರಿಸಿದ. ಉದ್ದ, ಗಿಡ್ಡ. ಉದ್ದ, ಗಿಡ್ಡ. ತಬಲಾದ ಮುದುಕರು ತೊಡೆಯ ಮೇಲೆ ಅದನ್ನು ಹಿಡಿಯಲು ನೋಡಿದರು, ತಪ್ಪಿದರು, ಮತ್ತೆ ಹಿಡಿದರು. ಪಿಟೀಲಿನವರು ತಲೆಯಾಡಿಸಿದರು. ಝೈದ್ ಬಂದು ಪಕ್ಕದಲ್ಲಿ ಕೂತು ಖಾಲಿ ತಟ್ಟೆಯ ಮೇಲೆ ಸೇರಿಕೊಂಡ. ತಾಳ ಕೂರುತ್ತಿದ್ದಂತೆ ಬೆಳಗಿನಿಂದ ಮೊದಲ ಸಲ ರೌಫ್‌ನ ಉಸಿರು ತುಸು ಹಗುರಾಯಿತು.

ಐಸ್ ಡಬ್ಬಿ ಹೊತ್ತು ಆ ಕಡೆಯಿಂದ ಹಾಯುತ್ತಿದ್ದ ಅಝ್ಮಾನ್ ಈ ದೃಶ್ಯ ಕಂಡು ನಿಂತರು. ಅವರಿಗೆ ಮನಸ್ಸು ತುಂಬಿಬಂತು. ರೌಫ್‌ನ ಬೆನ್ನ ಮೇಲೆ ಕೈಯಿಟ್ಟು ಬಗ್ಗಿ ಹೇಳಿದರು:

"ಭೇಷ್. ಹೀಗೆ ಹಿರಿಯರ ಹತ್ತಿರ ಕೂತು ಕಲೀಬೇಕು ಲಾ. ಮನಸ್ಸಿಟ್ಟು ಕಲಿತರೆ ಇನ್ನೆರಡು ವರ್ಷದಲ್ಲಿ ನಿಮಗೂ ಸ್ವಿಂಗ್ ಬರುತ್ತೆ."